ಆಗಸ್ಟಿನಲ್ಲಿ ನೋಡಿದ ಮನೆ

ಡಿಸೆಂಬರಿನಲ್ಲಿ ಯಾವ ಮನೆಯೂ ಚೆಂದವೇ.
ಬಾಲ್ಕನಿ ಬಾಗಿಲು ತೆರೆದು ಏಜೆಂಟ್ ರಮ್ಜಿ
ಅಜ್ಮಾನಿನ ಕಡಲಗಾಳಿಯನ್ನೂ
ಚದರಡಿ ಲೆಕ್ಕಕ್ಕೆ ಸೇರಿಸಿಬಿಡುತ್ತಾನೆ.

‘ಗಂಡನ್ನು ಹಸಿದಾಗ ನೋಡಬೇಕು,
ಮನೆಯನ್ನು ಆಗಸ್ಟಿನಲ್ಲಿ’
ಅಂದಳು ಫ್ಲೇವಿಯಾ, ಡಯಾಲಿಸಿಸ್ ವಾರ್ಡಿನ ನರ್ಸು.

ಬಂದೆವು. ಲಿಫ್ಟಿನಲ್ಲೇ ಬೆವರು.
ಪಡುವಣ ಗೋಡೆಗೆ ಅಂಗೈ ಇಟ್ಟಳು,
ಜ್ವರದ ಹಣೆಗೆ ಇಟ್ಟಂತೆ.
ತಣ್ಣೀರ ನಲ್ಲಿಯಲ್ಲಿ ಕುದಿನೀರು;
ಆಫ್ ಮಾಡಿಟ್ಟ ಗೀಸರಿನದೇ ತಂಪು.
ಕರ್ಚೀಫು ಹಿಂಡುತ್ತ ರಮ್ಜಿ
ಕೇಳುವ ಮೊದಲೇ ಹತ್ತು ಸಾವಿರ ಇಳಿಸಿದ.

ಕೆಳಗೆ ಮುಸುಕು ಹೊದ್ದ ಕಾರುಗಳು.
ಊರಿಗೆ ಹೋದವರ ಬಾಗಿಲಲ್ಲಿ
ಚಪ್ಪಲಿಗಳ ಮೇಲೆ ಮರಳು.
‘ಈ ತಿಂಗಳು ಇಲ್ಲಿ ಯಾರಿರುತ್ತಾರೆ?’

ರಮ್ಜಿ ಬಾಯಿ ತೆರೆಯುವಷ್ಟರಲ್ಲಿ
ಮೇಲಿನ ಮನೆಯಲ್ಲಿ ಕುಕ್ಕರ್ ಕೂಗಿತು.

ಮೂರನೇ ಸೀಟಿಯವರೆಗೂ
ಕಾದು ನಿಂತಳು.
ಆಮೇಲೆ, ‘ಇನ್ನೈದು ಇಳಿಸಿ’ ಅಂದಳು.