ಹದಿನೇಳನೆಯ ಪ್ರಶ್ನೆ

ಕುಶಾಲನಗರದ ಕಾಫಿ ಕ್ಯೂರಿಂಗಿನ ಗೇಟಿನಲ್ಲಿ
ಮೂರು ಸೋಮವಾರ ಕೂತೆ.
ನಾಲ್ಕನೆಯದಕ್ಕೆ ಮ್ಯಾನೇಜರ್ ಪೂವಯ್ಯ ಒಳಗೆ ಕರೆದು
ಕಾಫಿ ಕೊಟ್ಟು, ನನ್ನ ಪ್ರಶ್ನಾವಳಿಯ
ಹದಿನೇಳನೆಯದನ್ನು ಕೆಂಪು ಶಾಯಿಯಲ್ಲಿ ಹೊಡೆದರು:
‘ಕೂಲಿ ವಿಚಾರ ಒಂದು ಬಿಟ್ಟು
ಏನು ಬೇಕಾದರೂ ಕೇಳಿ.’

ಉದ್ದ ಮೇಜಿನ ಎರಡೂ ಬದಿಗೆ ಹೆಂಗಸರು,
ಕಪ್ಪು ಬೀಜ, ಒಡಕು ಬೀಜ ಆರಿಸುತ್ತ.
ಬಾಗಿಲಲ್ಲಿ ಸೂಪರ್‌ವೈಸರ್, ಕೈಕಟ್ಟಿ.
ಕೆಲಸ ನಿಮಗೆ ತೃಪ್ತಿ ತಂದಿದೆಯೇ?
ಒಂದರಿಂದ ಐದರೊಳಗೆ ಹೇಳಿ.
ಐದು. ಐದು. ಐದು.
ಕೆಲವರು ನಾನು ಓದಿ ಮುಗಿಸುವ ಮೊದಲೇ
ಐದು.

ಹಾಳೆ ನೀವೇ ತುಂಬಿ, ಹೆಸರು ಬೇಡ, ಅಂದೆ.
ಸೈನಬಾ ತಲೆಯೆತ್ತಲಿಲ್ಲ:
‘ಈ ಮೇಜಿಗೆ ಎಡಗೈಯವಳು ನಾನೊಬ್ಬಳೇ.
ನನ್ನ ಟಿಕ್ಕು ಯಾವ ಕಡೆ ವಾಲುತ್ತದೆಂದು
ಅವರಿಗೆ ಗೊತ್ತು.’

ಊಟದ ಹೊತ್ತಿಗೆ ನಲ್ಲಿಯ ಬಳಿ ಕೈ ತೊಳೆಯುತ್ತ
ಹದಿನೇಳಕ್ಕೆ ಉತ್ತರ ಹೇಳಿದಳು,
ನಾನು ಕೇಳದೆಯೇ.
ನೀರಿನ ಸದ್ದಿನಲ್ಲಿ ಅರ್ಧ ಹೋಯಿತು.
ಪೆನ್ನು ತೆಗೆದೆ. ‘ಬರೀಬೇಡಿ’ ಎಂದಳು.

ಮಡಿಕೇರಿ ಬಸ್ಸಿನಲ್ಲಿ ತೊಡೆಯ ಮೇಲೆ ಲೆಕ್ಕ:
ಸರಾಸರಿ ನಾಲ್ಕು ಪಾಯಿಂಟ್ ಒಂಬತ್ತು.

ಗೈಡ್ ಪುಟ ತಿರುವಿ, ಮತ್ತೆ ಹಿಂದಕ್ಕೆ ತಿರುವಿ
ಕೇಳಿದರು:
ಹದಿನಾರಾದ ಮೇಲೆ ಹದಿನೆಂಟೇಕೆ?

ಟೈಪಿಂಗ್ ತಪ್ಪು ಸರ್,
ಅಂದೆ.