ಕೀಲಿಗೊಂದು ಕೈ

ಕೀಲಿಗೆ ಕೈ ಕೊಟ್ಟಾಂವ ಯಾರೋ ಗೊತ್ತಿಲ್ಲ,
ನಮ್ಮ ಮಾತಿನ್ಯಾಗ ಅದು ಕೀಲಿಕೈ.
ನಲವತ್ತೊಂದು ವರ್ಷ ವಿಜಾಪುರದ ಜೋರಾಪುರ ಪೇಟಿ ಮೂಲ್ಯಾಗ
ತಗಡಿನ ಡಬ್ಬಿ ಮುಂದಿಟಗೊಂಡು
ಕೈ ಕಳಕೊಂಡ ಕೀಲಿಗಳಿಗೆ
ಅರ ತಿಕ್ಕಿ ಕೈ ಮಾಡಿ ಕೊಟ್ಟಾಂವ ನಾ, ದಸ್ತಗೀರಸಾಬ.
ಹೆಸರಿನ ಅರ್ಥನೂ ಅದ: ಕೈ ಹಿಡಿಯಾಂವ.

ಹೋದ ಚಳಿಗಾಲ ಸಂಗಮನಾಥ ಬಂದ.
ಪಾಲಿಟೆಕ್ನಿಕ್ಕಿನ ಲ್ಯಾಬಿನಾಗ ಕೆಲಸ,
ಕಿಸೆದಾಗ ಪೆನ್ನಿನ ಬದಲಿ ಸ್ಕ್ರೂಡ್ರೈವರು.
ಹಳೇ ಅರಳಿ ಗೋದಾಮು ಬಾಡಿಗಿ ಹಿಡದೀವ್ರಿ,
ಹುಡುಗ್ರು ಕೂಡತಾರ, ಬಿಚ್ಚತಾರ, ಜೋಡಸತಾರ,
ಫೋನಿನ ಒಳಗ ಕಳ್ಳರು ಹ್ಯಾಂಗ ಬರತಾರಂತ ಕಲೀತಾರ.
ನೀವೊಂದಿನ ಕೀಲಿ ಪಾಠ ಮಾಡ್ರಿ.
ಕಳವು ಕಲಿಸಲೇನು? ಅಂದೆ.
ಹೂಂ ಅಂದ. ತಲಿಗೊಂದು ಕೀಲಿ ತರ್ರಿ.

ಬಾಗಿಲ ಮ್ಯಾಲ ಸುಣ್ಣದಾಗ ಬರದಾರ: ಕೈಸಾಲಿ.
ಒಳಗ ಅರಳಿ ವಾಸನಿ ಇನ್ನೂ ಹೋಗಿಲ್ಲ,
ಅದರ ಮ್ಯಾಲ ಕಾದ ತವರದ ಹೊಗಿ.
ಯಲಗೂರೇಶ ಅನ್ನಾಂವ
ಸತ್ತ ಝೆರಾಕ್ಸ್ ಮಷೀನಿನ ಮೋಟಾರು ಕಿತ್ತು
ಏನೋ ಒಂದು ಗಿರಕಿ ಹೊಡಸತಾನ.
ಅದು ಮೂರು ಸುತ್ತು ತಿರುಗಿ
ಇಡೀ ಓಣಿ ಕತ್ತಲ ಮಾಡಿದಾಗ
ಬಾಜೂ ಹಿಟ್ಟಿನ ಗಿರಣಿ ಯಮನವ್ವ ಬೈದ ಬೈಗುಳದಾಗ
ಎರಡು ನನಗೂ ಹೊಸವು.

ಗ್ವಾಡಿಗೊಂದು ಹಾಳಿ ಅಂಟಿಸ್ಯಾರ:
ಪುಕ್ಕಟೆ ವೈಫೈ ಅಂದ್ರ ಗೋಳಗುಮ್ಮಟ,
ನೀ ಪಿಸುಗುಟ್ಟಿದ್ದು
ಆ ಕಡೆ ಗ್ವಾಡಿಗೆ ಕಿವಿ ಹಚ್ಚಿದಾಂವಗೂ ಮುಟ್ಟತದ.
ಓದಿ ನಕ್ಕೆ. ಆಮ್ಯಾಲ ನಗು ನಿಂತಿತು:
ಮದುವಿ ಆದ ಹೊಸದಾಗಿ
ಅಲ್ಲೇ ನಿಂತು ನಾ ಆಕಿಗೆ ಹೇಳಿದ್ದು
ಯಾರ್ಯಾರು ಕೇಳಿರಬೇಕೋ!

ಪಾಠ ಮಾಡಿದೆ.
ಕೀಲಿ ಕಿವುಡಲ್ಲ. ಒಳಗ ಐದು ಗುಂಡು,
ಒಂದೊಂದಕ್ಕ ಒಂದೊಂದು ಹಟ.
ಒತ್ತಬ್ಯಾಡ್ರಿ, ಕೇಳ್ರಿ.
ಟಕ್ ಅನ್ನೂದು ಕಿವಿಗಲ್ಲ, ಉಗುರಿಗೆ ಕೇಳತದ.
ಮತ್ತ ಒಂದು ಕಾಯ್ದೆ, ನಮ್ಮ ಅಬ್ಬಾ ಹಾಕಿದ್ದು:
ಮಾಲಕ ಎದುರಿಗೆ ನಿಂತಿರದ
ಯಾವ ಕೀಲಿನೂ ಮುಟ್ಟಂಗಿಲ್ಲ,
ಸಾವುಕಾರ ನೋಟು ತೋರಿಸಿದ್ರೂ.

ಹಿಂದಿನ ಬೆಂಚಿನ ಜಮುನಾ ರಾಠೋಡ,
ತಾಂಡಾದಿಂದ ಸೈಕಲ್ ತುಳದು ಬರಾಕಿ,
ನನ್ನ ಫೋನು ಕೇಳಿದಳು. ಕೊಟ್ಟೆ.
ಬಿಚ್ಚಲಿಲ್ಲ, ವಾಯರು ಹಚ್ಚಲಿಲ್ಲ,
ಟ್ಯೂಬಲೈಟಿಗೆ ಓರೆ ಹಿಡದು
ಜ್ವಾಳದಾಗ ಹಳ್ಳು ಹುಡುಕಿದಂಗ ನೋಡಿದಳು.
ನನ್ನ ಬೆರಳಿನ ಎಣ್ಣಿ
ಕನ್ನಡಿ ಮ್ಯಾಲ ಗೆರಿ ಬಿಟ್ಟಿತ್ತು:
ಮನಿಯಿಂದ ನೆಟ್ಟಗ,
ನೀರಿನ ಟಾಕಿ ಹತ್ರ ಎಡಕ್ಕ,
ಮತ್ತ ಕೆಳಗ.
ಅಂಗಡಿಗೆ ದಿನಾ ನಡದ ದಾರಿನ
ಫೋನಿಗೆ ಕೀಲಿ ಮಾಡಿ ಇಟ್ಟಿದ್ದೆ.
ಹೇಣತಿಗೂ ಹೇಳಿರಲಿಲ್ಲ.
ಜಮುನಾ ಗಾಳಿಯಾಗ ಬೆರಳಾಡಿಸಿ ಬರದಳು:
ಹಿಂಗ ಹೌದಲ್ರಿ, ಅಜ್ಜಾ?

ಪರದೆ ಮುಟ್ಟಲಿಲ್ಲ.
ನೀವು ಎದುರಿಗೆ ನಿಂತೀರಿ ಖರೆ,
ತಗಿ ಅಂತ ಅಂದಿಲ್ಲಲ್ರಿ,
ಅಂದು ಫೋನು ನನ್ನ ಅಂಗೈದಾಗ ಇಟ್ಟಳು.

ಹುಡುಗ್ರು ಸಿಳ್ಳಿ ಹೊಡದ್ರು.
ನಾ ಲುಂಗಿಗೆ ಬೆರಳು ಒರಸಿದೆ, ಮತ್ತ ಒರಸಿದೆ.
ನಲವತ್ತೊಂದು ವರ್ಷದ ಎಣ್ಣಿ
ಎಲ್ಲಿ ಹೋದೀತು.
ಅಬ್ಬಾನ ಕಾಯ್ದೆಕ್ಕ
ಅಬ್ಬಾ ಬಿಟ್ಟ ಒಂದು ಸಾಲು
ಹದಿನಾರರ ಹುಡುಗಿ ಹೇಳಬೇಕಾತಲ್ಲ.

ಆ ರಾತ್ರಿ ಟಾಕಿ ಹತ್ರ ಬಂದು
ಹೊಳ್ಳೂ ಕಡೆ ಹೊಳ್ಳಲಿಲ್ಲ.
ಕಾಲು ಬೈದವು. ನಡದೆ.
ಎಂದೂ ತುಳೀದ ಓಣಿ,
ಯಾರದೋ ಒಗ್ಗರಣಿ, ಒಂದು ಕುಂಟ ನಾಯಿ,
ಮುಂದೊಂದು ಸಣ್ಣ ಬಾಗಿಲ,
ಅದಕ್ಕ ಜೋತುಬಿದ್ದ ಹಿತ್ತಾಳಿ ಕೀಲಿ.
ಮೋತಿ ಮ್ಯಾಲಿನ ಗೀರು ನೋಡಿದ ಕೂಡಲೆ ಗುರುತು ಹತ್ತಿತು,
ಎಂದೋ ನಾನ ರಿಪೇರಿ ಮಾಡಿದ್ದು.
ಮನಿಯವರು ಊರಾಗ ಇರಲಿಲ್ಲೇನೋ.
ಕೈ ಹಿಂದಕ್ಕ ಕಟಗೊಂಡು
ಸ್ವಲ್ಪ ಹೊತ್ತು ನಿಂತೆ,
ಅದೂ ನಾನೂ.