ಎಡಕ್ಕೆ ಗುಂಯ್ ಎಂದರೆ

ಹಾಯಿ ಹೊಲಿದವಳು ಮಿಲೋಯ್ಕ, ನಲವತ್ತೊಂದು ವರ್ಷ,
ತ್ರಿಯೆಸ್ತೆ ಬಂದರಿನ ಹಿಂದಿನ ಉದ್ದನೆಯ ಮಾಳಿಗೆಯಲ್ಲಿ.
ಬಟ್ಟೆ ಎಲ್ಲಿ ಬಿಗಿ, ಎಲ್ಲಿ ಸಡಿಲ,
ಕಣ್ಣು ಮುಚ್ಚಿ ಹೇಳುತ್ತಿದ್ದಳು, ಹೆಬ್ಬೆರಳು ಆಡಿಸಿ.

ಈಗ ಕಣ್ಣು ಮುಚ್ಚಿದರೆ ನಿಲ್ಲಲಾರಳು.

ರಕ್ತಕ್ಕೆ ನಂಜೇರಿದ ಆ ಮಾರ್ಚಿನಲ್ಲಿ
ಹದಿನೆಂಟು ದಿನ ಚುಚ್ಚಿದ ಮದ್ದು
ಜೀವ ಉಳಿಸಿತು, ಕೂಲಿಯೆಂದು
ಕಿವಿಯೊಳಗಿನ ರಸಮಟ್ಟವನ್ನು ಎತ್ತಿಕೊಂಡು ಹೋಯಿತು.
ಕಿವಿ ಕೇಳುವುದಕ್ಕೇನೂ ತೊಂದರೆಯಿಲ್ಲ:
ಪಕ್ಕದ ಮನೆಯ ಜಗಳ, ಕಾಫಿ ಯಂತ್ರದ ಸೀಟಿ.
ಮೇಲೆ ಯಾವುದು, ಕೆಳಗೆ ಯಾವುದು
ಎನ್ನುವುದೊಂದೇ ಕೇಳಿಸುವುದಿಲ್ಲ.

ನಡೆದರೆ ಅಂಗಡಿಯ ಬೋರ್ಡುಗಳು ಕುಣಿಯುತ್ತವೆ,
ಎದುರು ಬಂದವರ ಮುಖ ನೀರ ಮೇಲೆ ಬರೆದ ಹಾಗೆ.
ಬೆಳಿಗ್ಗೆ ಒಂಬತ್ತಕ್ಕೇ ಕುಡಿದಿದ್ದಾಳೆ ಎಂದುಕೊಂಡು
ಬ್ರೆಡ್ಡಿನಂಗಡಿಯ ಹುಡುಗ
ಚಿಲ್ಲರೆಯನ್ನು ಅಂಗೈಯಲ್ಲಿ ಎಣಿಸಿ ಎಣಿಸಿ ಇಟ್ಟ.
ಅವಳು ತಿದ್ದಲಿಲ್ಲ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಒಂದು ಶುಕ್ರವಾರ,
ಸಾಂದ್ರೊ ಎಂಬ ಹುಡುಗ ಅವಳ ಸೊಂಟಕ್ಕೆ ಪಟ್ಟಿ ಕಟ್ಟಿದ,
ಎಳೆಗೂಸಿಗೆ ಉಡಿದಾರ ಕಟ್ಟುವಷ್ಟು ಜೋಪಾನವಾಗಿ.
ಒಳಗೆ ಎಂಟು ಗುಂಡಿ, ಕೋಟಿನ ಗುಂಡಿಯಷ್ಟೇ,
ಎಂಟು ದಿಕ್ಕಿಗೂ ಒಬ್ಬೊಬ್ಬ ಕಾವಲಿನವನು.
"ನೀವು ಎತ್ತ ವಾಲುತ್ತೀರೋ ಅತ್ತ ಗುಂಯ್ ಎನ್ನುತ್ತದೆ.
ಎಂದಾಗ ಅದರಿಂದ ದೂರ ಸರಿಯಿರಿ. ಅಷ್ಟೇ."

ಅಷ್ಟೇ ಅಂತೆ.

ಎಡಕ್ಕೆ ಗುಂಯ್ ಎಂದಿತು. ಮಿಲೋಯ್ಕ ಎಡಕ್ಕೇ ಒರಗಿದಳು.
ಮತ್ತೆ ಗುಂಯ್. ಮತ್ತೆ ಅತ್ತಲೇ.
ಸಾಂದ್ರೊ ಹಿಡಿಯದಿದ್ದರೆ ಗೋಡೆಗೆ ಬಡಿಯುತ್ತಿದ್ದಳು.
ಏನು ಮಾಡಲಿ, ಮಗೂ, ಅಂದಳು,
ಮುಟ್ಟಿದವರ ಕಡೆಗೆ ತಾನೇ ಮೈ ವಾಲುವುದು?
ಅರವತ್ತಾರು ವರ್ಷ ಕಲಿತದ್ದು ಅದನ್ನೇ.
ಬೋರಾ ಗಾಳಿ ಎದ್ದ ದಿನ, ಬೀದಿಗೆ ಹಗ್ಗ ಕಟ್ಟಿದ ದಿನ
ತಾಯಿ ಹೆಗಲು ಹಿಡಿದಳು; ತಾಯ ಕಡೆಗೆ.
ಕುಣಿತದ ಕೋಣೆಯಲ್ಲಿ ಸ್ತಾಂಕೋ ಸೊಂಟಕ್ಕೆ ಕೈಯಿಟ್ಟ;
ಅವನ ಕಡೆಗೆ. ಅವನ ಅಂಗೈಯ ಬೆವರು
ಹಸಿರು ಉಡುಪಿನಲ್ಲಿ ಉಳಿಯಿತು, ಅವನು ಉಳಿಯಲಿಲ್ಲ.
ಈಗ ನೀನು ಹೇಳುತ್ತೀಯ, ಮುಟ್ಟಿದರೆ ದೂರ ಸರಿ ಎಂದು.

ಸಾಂದ್ರೊಗೆ ಉತ್ತರ ಹೊಳೆಯಲಿಲ್ಲ.
ಕಂಪ್ಯೂಟರಿನಲ್ಲಿ ಏನೋ ಬರೆದುಕೊಂಡ.

ಮೂರನೆಯ ವಾರ, ಸ್ಪಂಜಿನ ಹಾಸಿನ ಮೇಲೆ ನಿಂತಾಗ
ಅವಳಿಗೇ ಹೊಳೆಯಿತು:
ಇದು ಕರೆಯುವ ಕೈಯಲ್ಲ,
ಗಾಳಿ ತಪ್ಪಿದಾಗ ಪಟಪಟ ಎನ್ನುವ ಹಾಯಿಯ ಅಂಚು.
ಅಂಚು ಬಡಿದುಕೊಂಡರೆ ಯಾರಾದರೂ ಮುದ್ದು ಮಾಡುತ್ತಾರೆಯೇ?
ಹಗ್ಗ ಎಳೆಯುತ್ತಾರೆ. ಸದ್ದು ನಿಲ್ಲುತ್ತದೆ.
ಸದ್ದು ನಿಂತ ಕಡೆ ದಾರಿ.

ಆಮೇಲೆ ಬೇಗ ಬೇಗ. ಹಿಮ್ಮಡಿಗೆ ಬೆರಳು ತಾಗಿಸಿ ಹನ್ನೊಂದು ಹೆಜ್ಜೆ,
ಕಾರಿಡಾರಿನ ದೀಪ ಆರಿಸಿ ಆರು.
ಏಳನೆಯದಕ್ಕೆ ಬೆನ್ನಲ್ಲಿ ಗುಂಯ್.
ಬೈದಳು, ಮನೆಯ ಸ್ಲೊವೇನಿಯನ್ ಮಾತಿನಲ್ಲಿ,
ದೇವರನ್ನಲ್ಲ, ಗುಂಡಿಯನ್ನು.

ಪ್ರಯೋಗ ಮುಗಿದ ದಿನ ಪಟ್ಟಿ ಬಿಚ್ಚಿ ಕೊಡಬೇಕಾಯಿತು.
ಬದಲಿಗೆ ಒಂದು ಕಾಗದ, ಅದರಲ್ಲೊಂದು ಗ್ರಾಫು:
ಅಷ್ಟು ವಾಲುತ್ತಿದ್ದಿರಿ, ಈಗ ಇಷ್ಟೇ.
ಫ್ರಿಜ್ಜಿಗೆ ಅಂಟಿಸಿದ್ದಾಳೆ, ತಲೆಕೆಳಗಾಗಿ.
ತಪ್ಪಿ ಅಂಟಿಸಿದ್ದು, ಇರಲಿ ಎಂದು ಬಿಟ್ಟಿದ್ದಾಳೆ.

ನಿನ್ನೆ ಸಂಜೆ ಗಾಳಿಯಿರಲಿಲ್ಲ.
ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಕಟ್ಟೆ,
ಎರಡು ಬದಿಗೂ ತಡೆಯಿಲ್ಲ,
ನಡುವಿನ ಕಲ್ಲುಸಾಲನ್ನೇ ಹಿಡಿದು ಹೊರಟಳು.
ಕೋಟಿನೊಳಗೆ ಏನೂ ಇಲ್ಲ,
ಆದರೂ ಎಡಸೊಂಟದಲ್ಲಿ ಒಮ್ಮೆ ಗುಂಯ್ ಎಂದಂತಾಯಿತು.
ಬಲಕ್ಕೆ ಸರಿದಳು. ನಿಂತಳು. ಮತ್ತೆ ಹೊರಟಳು.

ಗಾಳ ಹಾಕಿ ಕೂತಿದ್ದ ಮುದುಕನೊಬ್ಬ ಎದ್ದು
ತೋಳು ಹಿಡಿಯಲೇ ಎಂಬಂತೆ ಕೈ ಚಾಚಿದ.
ಬೇಡಿ, ಮುಟ್ಟಬೇಡಿ, ಅಂದಳು ನಗುತ್ತ,
ಮುಟ್ಟಿದರೆ ನಾನು ಆ ಕಡೆ ಸರಿಯುವವಳು.
ಆ ಕಡೆ ನೀರಿದೆ.